ಕೆಳಬೆನ್ನಿನ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗುಲಿದರೆ ಚೇತರಿಕೆಯ ಗತಿ ಏನಾಗುತ್ತದೆ?

ಮುಂಬೆಳಗು (ಪ್ರಶ್ನೆ):

ನನ್ನ ತಂದೆಯವರಿಗೆ 61 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಸೊಂಟದ ಎಲ್ 4 ಮತ್ತು ಎಲ್ 5 ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ನಡುವೆ ನರ ಸಿಕ್ಕಿಕೊಂಡು, ಹತ್ತು ನಿಮಿಷ ನಡೆಯುವಷ್ಟರಲ್ಲಿ ಎಡಗಾಲು ಜೋಮು ಹಿಡಿದು ಎಲ್ಲಾದರೂ ಕುಳಿತುಬಿಡಬೇಕಾದ ಸ್ಥಿತಿಗೆ ಬಂದಿದ್ದರಿಂದ, ನರದ ಮೇಲಿನ ಒತ್ತಡವನ್ನು ತೆಗೆದು, ಸ್ಕ್ರೂ ಮತ್ತು ರಾಡುಗಳನ್ನು ಹಾಕಿ ಆ ಎರಡು ಕಶೇರುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿದೆವು. ಮರುದಿನವೇ ಕಾಲಿನ ನೋವು ಹೋಗಿತ್ತು. ಎಷ್ಟೋ ತಿಂಗಳ ನಂತರ ಅವರು ಕಾಲು ಚಾಚಿ ಮಲಗಿದ್ದನ್ನು ನೋಡಿ ನಮಗೆಲ್ಲ ಎದೆಯ ಭಾರ ಇಳಿದಂತಾಗಿತ್ತು.

ಹದಿನಾರನೆಯ ದಿನ ಬೆಳಿಗ್ಗೆ ಹಾಸಿಗೆಯ ಹೊದಿಕೆಯ ಮೇಲೆ ನಾಣ್ಯದಷ್ಟು ಅಗಲದ ಹಳದಿ ಕಲೆ ಕಾಣಿಸಿತು. ಗಾಯದ ಕೆಳತುದಿಯ ಎರಡು ಹೊಲಿಗೆಗಳ ನಡುವಿನಿಂದ ತೆಳ್ಳಗೆ ಏನೋ ಜಿನುಗುತ್ತಿತ್ತು. ಜ್ವರವಿರಲಿಲ್ಲ. ಹಾಗಾಗಿ ಬಟ್ಟೆ ಉಜ್ಜಿ ಹಾಗಾಗಿರಬಹುದೆಂದುಕೊಂಡು ಮೂರು ದಿನ ಸುಮ್ಮನಿದ್ದೆವು. ನಾಲ್ಕನೆಯ ದಿನ ಬೆನ್ನುನೋವು ಹೆಚ್ಚಾಗಿ ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ, ವೈದ್ಯರು ಅದೇ ದಿನ ಗಾಯವನ್ನು ಮತ್ತೆ ತೆರೆದು, ಒಳಗಿನ ಕೀವನ್ನು ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆದರು. ಸ್ಕ್ರೂಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾರೆ. ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಎಂದು ಬಂದಿದೆ. ಆರು ವಾರ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡಬೇಕೆಂದು ಹೇಳಿದ್ದಾರೆ. ಈಗ ಎರಡನೆಯ ವಾರ ಮುಗಿಯುತ್ತ ಬಂದಿದೆ.

ನನ್ನ ಪ್ರಶ್ನೆಗಳು ಇವು. ಶಸ್ತ್ರಚಿಕಿತ್ಸೆಯಿಂದ ದೊರೆತ ಲಾಭವನ್ನು ಈ ಸೋಂಕು ಪೂರ್ತಿ ಕಸಿದುಕೊಳ್ಳುತ್ತದೆಯೇ? ಕೀವಿನ ನಡುವೆ ಇದ್ದ ಸ್ಕ್ರೂಗಳನ್ನು ಒಳಗೇ ಬಿಡುವುದು ಸರಿಯೇ? ಮೊದಲು ಮೂರು ತಿಂಗಳಿಗೆ ಕೆಲಸಕ್ಕೆ ಮರಳಬಹುದೆಂದು ಹೇಳಿದ್ದರು. ಈಗ ಆ ಲೆಕ್ಕ ಎಷ್ಟಕ್ಕೆ ಹೋಗುತ್ತದೆ? ನಾವು ಕಳೆದ ಆ ಮೂರು ದಿನಗಳಿಂದಲೇ ಇಷ್ಟೆಲ್ಲ ಆಯಿತೇ ಎಂಬುದು ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.


ಬೆನ್ನೆಲುಬು (ಉತ್ತರ):

ನಾನು ಬೆನ್ನುಮೂಳೆಯ ಶಸ್ತ್ರಚಿಕಿತ್ಸಕ. ನಿಮ್ಮ ತಂದೆಯವರನ್ನು ಪರೀಕ್ಷಿಸದೆ ಅವರ ಬಗ್ಗೆ ಖಚಿತವಾಗಿ ಹೇಳಲಾಗದು. ಅವರ ಗಾಯವನ್ನು ಕಣ್ಣಾರೆ ಕಂಡ ವೈದ್ಯರ ಮಾತೇ ಅಂತಿಮ. ಆದರೆ ನೀವು ವಿವರಿಸಿದಂಥ ಪ್ರಸಂಗಗಳನ್ನು ನಾನು ನೋಡಿದ್ದೇನೆ. ಆದ್ದರಿಂದ ಸಾಮಾನ್ಯವಾಗಿ ಏನು ನಡೆಯುತ್ತದೆ ಎಂಬುದನ್ನು ಹೇಳಬಲ್ಲೆ.

ಚೇತರಿಕೆಯ ಮೇಲೆ ಸೋಂಕಿನ ಪರಿಣಾಮ ಎಷ್ಟಿರುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಆಳ. ಬೆನ್ನಿನ ಚರ್ಮ ಮತ್ತು ಕೊಬ್ಬಿನ ಕೆಳಗೆ, ಸ್ನಾಯುಗಳನ್ನು ಬಿಗಿಯಾಗಿ ಹೊದ್ದಿರುವ ಗಟ್ಟಿಯಾದ ಪೊರೆಯೊಂದಿದೆ. ಸೋಂಕು ಈ ಪೊರೆಯ ಮೇಲೆಯೇ ನಿಂತರೆ ಅದು ಮೇಲ್ಪದರದ ಸೋಂಕು. ಅಂಥ ಸೋಂಕು ಕೆಲವು ದಿನಗಳ ಮಾತ್ರೆ ಮತ್ತು ಡ್ರೆಸ್ಸಿಂಗ್‌ನಿಂದ ಹೆಚ್ಚಾಗಿ ವಾಸಿಯಾಗುತ್ತದೆ. ಚೇತರಿಕೆ ಎರಡು ಮೂರು ವಾರ ಹಿಂದೆ ಬೀಳಬಹುದೇ ಹೊರತು, ಒಂದು ವರ್ಷದ ನಂತರ ನೋಡಿದರೆ ಸೋಂಕು ಬಂದವರಿಗೂ ಬಾರದವರಿಗೂ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ. ಪೊರೆಯನ್ನು ದಾಟಿ ಸ್ನಾಯು, ಮೂಳೆ, ಸ್ಕ್ರೂಗಳ ತನಕ ಹೋದರೆ ಅದು ಆಳದ ಸೋಂಕು. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ತಂದೆಯವರದು ಈ ಎರಡನೆಯ ಬಗೆಯದು. ಇದರಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಔಷಧ ಮತ್ತು ಆಸ್ಪತ್ರೆವಾಸ ಇವೆಲ್ಲ ಸೇರಿಕೊಳ್ಳುವುದರಿಂದ ಹಿನ್ನಡೆ ವಾರಗಳದ್ದಲ್ಲ, ತಿಂಗಳುಗಳದ್ದು.

ಇನ್ನು ದೊರೆತ ಲಾಭದ ಮಾತು. ಕಾಲಿನ ನೋವು ಹೋದದ್ದು ನರವನ್ನು ಒತ್ತುತ್ತಿದ್ದ ಮೂಳೆಯನ್ನೂ ದಪ್ಪಗಾಗಿದ್ದ, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳನ್ನೂ ತೆಗೆದು ಜಾಗ ಮಾಡಿಕೊಟ್ಟಿದ್ದರಿಂದ. ಸೋಂಕು ಬಂದ ಮಾತ್ರಕ್ಕೆ ಆ ಮೂಳೆ ಮತ್ತೆ ಬೆಳೆದು ನರವನ್ನು ಒತ್ತುವುದಿಲ್ಲ. ಆದ್ದರಿಂದ ಕಾಲಿನ ಮಟ್ಟಿಗೆ ದೊರೆತ ಲಾಭ ಬಹುತೇಕ ಉಳಿದುಕೊಳ್ಳುತ್ತದೆ. ಇದಕ್ಕೆ ಒಂದು ಅಪವಾದವಿದೆ: ನರಗಳ ಸುತ್ತಲಿನ ಸಂದಿಯಲ್ಲೇ ಕೀವು ಕಟ್ಟಿಕೊಂಡರೆ ಅದು ನರಗಳನ್ನು ಒತ್ತಬಲ್ಲದು. ಕಾಲಿನಲ್ಲಿ ಹೊಸದಾಗಿ ಬಲ ಕುಂದುವುದು, ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಗುದದ್ವಾರ ಮತ್ತು ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ತುರ್ತು ವಿಭಾಗಕ್ಕೆ ಹೋಗಬೇಕು.

ನಿಜವಾಗಿ ಪೆಟ್ಟು ಬೀಳುವುದು ಬೆನ್ನಿಗೆ. ತೊಳೆಯುವಾಗ ಸತ್ತ ಸ್ನಾಯುವನ್ನು ತೆಗೆಯಬೇಕಾಗುತ್ತದೆ; ಉಳಿದ ಸ್ನಾಯು ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಇದರ ಜೊತೆಗೆ ಮೂಳೆ ಬೆಸೆದುಕೊಳ್ಳುವ ಕೆಲಸವೂ ನಿಧಾನವಾಗುತ್ತದೆ. ಕೆಲವರಲ್ಲಿ ಬೆಸುಗೆ ಆಗುವುದೇ ಇಲ್ಲ. ಆಳದ ಸೋಂಕಿಗೆ ಒಳಗಾದವರನ್ನೂ ಒಳಗಾಗದವರನ್ನೂ ಎರಡು ವರ್ಷಗಳ ನಂತರ ಹೋಲಿಸಿ ನೋಡಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಬೇಗ ಗುರುತಿಸಿ ಗಟ್ಟಿಯಾಗಿ ಚಿಕಿತ್ಸೆ ಕೊಟ್ಟವರ ಓಡಾಟ ಮತ್ತು ದೈನಂದಿನ ಬದುಕು ಉಳಿದವರ ಸಮಕ್ಕೆ ಬಂದಿದೆ. ಮತ್ತೆ ಕೆಲವುಗಳಲ್ಲಿ ಅವರ ಬೆನ್ನುನೋವು ಉಳಿದವರಷ್ಟು ಇಳಿದಿಲ್ಲ. ನನ್ನ ಅನುಭವವೂ ಇವೆರಡರ ನಡುವೆಯೇ ಇದೆ. ಹೆಚ್ಚಿನವರು ಶಸ್ತ್ರಚಿಕಿತ್ಸೆಗೆ ಮೊದಲಿದ್ದುದಕ್ಕಿಂತ ಚೆನ್ನಾಗಿಯೇ ಇರುತ್ತಾರೆ. ಆದರೆ ಬೆಳಗಿನ ಬಿಗಿತ, ಬಹಳ ಹೊತ್ತು ನಿಂತರೆ ಬರುವ ನೋವು ಅವರಲ್ಲಿ ತುಸು ಹೆಚ್ಚು.

ಸ್ಕ್ರೂಗಳನ್ನು ಬಿಟ್ಟಿದ್ದು ಸರಿಯಾದ ನಿರ್ಧಾರವೆಂದೇ ನನಗೆ ತೋರುತ್ತದೆ. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಅಂಟಾದ ಪದರವೊಂದನ್ನು ಕಟ್ಟಿಕೊಂಡು ಅದರೊಳಗೆ ಅಡಗಿರುತ್ತವೆ, ಔಷಧ ಅಲ್ಲಿಗೆ ಸುಲಭವಾಗಿ ತಲಪುವುದಿಲ್ಲ ಎಂಬುದು ನಿಜ. ಆದರೆ ಆ ಪದರ ಗಟ್ಟಿಯಾಗಿ ಬಲಿಯಲು ಸಮಯ ಬೇಕು. ಮೊದಲ ಕೆಲವು ವಾರಗಳಲ್ಲಿ ಬಂದ ಸೋಂಕನ್ನು ಚೆನ್ನಾಗಿ ತೊಳೆದು, ಸರಿಯಾದ ಔಷಧ ಕೊಟ್ಟರೆ ಲೋಹವನ್ನು ಉಳಿಸಿಕೊಂಡೇ ಗೆಲ್ಲುವ ಅವಕಾಶ ಚೆನ್ನಾಗಿರುತ್ತದೆ. ಅಲ್ಲದೆ ಮೂಳೆ ಇನ್ನೂ ಬೆಸೆಯದಿರುವಾಗ ಸ್ಕ್ರೂ ತೆಗೆದರೆ ಆ ಭಾಗ ಅಲುಗಾಡತೊಡಗುತ್ತದೆ, ಅಲುಗಾಡುವ ಮೂಳೆಯಲ್ಲಿ ಸೋಂಕು ವಾಸಿಯಾಗುವುದು ಇನ್ನೂ ಕಷ್ಟ. ಒಂದು ವರ್ಷದ ನಂತರ, ಮೂಳೆ ಬೆಸೆದ ಮೇಲೆ ಬೂದಿ ಮುಚ್ಚಿದ ಕೆಂಡದಂತೆ ಸೋಂಕು ಮತ್ತೆ ತಲೆಯೆತ್ತಿದರೆ, ಆಗ ಸ್ಕ್ರೂಗಳನ್ನು ತೆಗೆದುಬಿಡಬಹುದು. ಆ ಹೊತ್ತಿಗೆ ಅವುಗಳ ಕೆಲಸ ಮುಗಿದಿರುತ್ತದೆ.

ಕೆಲಸಕ್ಕೆ ಮರಳುವ ಲೆಕ್ಕವನ್ನು ಮೊದಲ ಶಸ್ತ್ರಚಿಕಿತ್ಸೆಯ ದಿನದಿಂದ ಎಣಿಸಬೇಡಿ. ಗಾಯವನ್ನು ಕೊನೆಯ ಬಾರಿ ತೊಳೆದ ದಿನವನ್ನು ಮೊದಲ ದಿನವೆಂದು ಹಿಡಿಯಿರಿ. ಕುಳಿತು ಮಾಡುವ ಕೆಲಸವಾದರೆ ಅಲ್ಲಿಂದ ನಾಲ್ಕೈದು ತಿಂಗಳು, ಮೈಮುರಿದು ದುಡಿಯುವ ಕೆಲಸವಾದರೆ ಅದಕ್ಕೂ ಹೆಚ್ಚು ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ. ಹಳೆಯ ತಾರೀಕನ್ನು ಹಿಡಿದುಕೊಂಡು ಕೂತವರು ಪ್ರತಿ ವಾರವೂ ತಾವು ಸೋತೆವೆಂದು ಕೊರಗುತ್ತಾರೆ. ಆ ಕೊರಗು ಚೇತರಿಕೆಗೆ ಅಡ್ಡ ಬರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಆ ಮೂರು ದಿನಗಳ ಬಗ್ಗೆ ನಿಮಗೆ ನೇರವಾಗಿಯೇ ಹೇಳುತ್ತೇನೆ. ಜಿನುಗುವುದು ಕಂಡ ದಿನವೇ ಬಂದಿದ್ದರೆ ಒಳ್ಳೆಯದಿತ್ತು. ಆದರೆ ಕಲೆ ಕಾಣಿಸುವ ಹೊತ್ತಿಗೆ ಸೋಂಕು ಒಳಗೆ ಆಗಲೇ ಬೇರೂರಿರುತ್ತದೆ. ಅದು ಮೂರು ದಿನಗಳಲ್ಲಿ ಹುಟ್ಟಿದ್ದಲ್ಲ. ಮೂರು ವಾರ ತಡವಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಈ ಸೋಂಕನ್ನು ನೀವು ತಂದಿರಿ ಎಂದು ಭಾವಿಸಬೇಡಿ.


ದೂರನಡಿಗೆ (ಉತ್ತರ):

ನಾನು ವೈದ್ಯನಲ್ಲ, ರೋಗಿಯಾಗಿದ್ದವನು. ನನ್ನದು ಸ್ಕ್ರೂ ಇಲ್ಲದ, ಜಾರಿದ ಡಿಸ್ಕಿನ (ಕಶೇರುಗಳ ನಡುವಿನ ಮೆತ್ತೆಯ) ತುಣುಕನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ. ಈ ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ಅಪರೂಪ, ನೂರರಲ್ಲಿ ಒಬ್ಬರಿಗೆ ಬಂದರೆ ಹೆಚ್ಚು ಎಂದು ನನಗೆ ಮೊದಲೇ ಹೇಳಿದ್ದರು. ಆ ಒಬ್ಬ ನಾನಾದೆ.

ನನ್ನ ಕಥೆಯನ್ನು ಇಲ್ಲಿ ಬರೆಯಲು ಕಾರಣವೆಂದರೆ, ನನ್ನ ಗಾಯ ಹೊರಗಿನಿಂದ ಪೂರ್ತಿ ಸ್ವಚ್ಛವಾಗಿತ್ತು. ಕೆಂಪಾಗಿರಲಿಲ್ಲ, ಊದಿರಲಿಲ್ಲ, ಒಂದು ಹನಿ ಕೀವೂ ಇರಲಿಲ್ಲ. ಎರಡು ವಾರ ಆರಾಮವಾಗಿ ಓಡಾಡಿಕೊಂಡಿದ್ದವನಿಗೆ ಮೂರನೆಯ ವಾರದಲ್ಲಿ ಸೊಂಟ ಹಿಡಿದುಕೊಂಡಿತು. ಅದು ಹಳೆಯ ನೋವಿನಂತೆ ಕಾಲಿಗೆ ಇಳಿಯುವಂಥದ್ದಲ್ಲ. ಸೊಂಟದ ಒಳಗೆ ಆಳದಲ್ಲಿ ಹಿಂಡಿದಂತಹ ನೋವು. ಯಾರಾದರೂ ಹಾದುಹೋಗುವಾಗ ಮಂಚಕ್ಕೆ ಸ್ವಲ್ಪ ತಗುಲಿದರೂ ನಾನು ಕೂಗಿಕೊಳ್ಳುತ್ತಿದ್ದೆ. ಮಗ್ಗುಲು ಬದಲಿಸುವ ಮೊದಲು ಮನೆಯವರೆಲ್ಲ ಕೋಣೆಯಿಂದ ಹೊರಗೆ ಹೋಗಲಿ ಎಂದು ಕಾಯುತ್ತಿದ್ದೆ, ನನ್ನ ಮುಖವನ್ನು ಅವರು ನೋಡುವುದು ಬೇಡವೆಂದು.

ಮೊದಲ ಸಲ ತೋರಿಸಿದಾಗ, ಶಸ್ತ್ರಚಿಕಿತ್ಸೆಯಾದ ಮೇಲೆ ಇಷ್ಟು ನೋವು ಸಹಜ, ಗಾಯ ಚೆನ್ನಾಗಿ ಒಣಗಿದೆ ಎಂದು ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಹತ್ತು ದಿನ ಹಾಗೆಯೇ ಕಳೆಯಿತು. ಎರಡನೆಯ ಸಲ ಬೇರೆ ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ, ದೇಹದೊಳಗಿನ ಉರಿಯೂತವನ್ನು ತೋರಿಸುವ ಸಿ.ಆರ್.ಪಿ. ಏರಿತ್ತು. ಎಂ.ಆರ್.ಐ.ಯಲ್ಲಿ ಡಿಸ್ಕಿನ ಜಾಗದಲ್ಲೂ ಅದರ ಮೇಲೆ ಕೆಳಗಿನ ಕಶೇರುಗಳಲ್ಲೂ ಸೋಂಕು ಕಾಣಿಸಿತು. ಸೂಜಿ ಹಾಕಿ ಅಲ್ಲಿಂದ ಮಾದರಿ ತೆಗೆದ ಮೇಲೆಯೇ ಆಂಟಿಬಯೋಟಿಕ್ ಶುರುಮಾಡಿದರು. ಅಲ್ಲಿಯವರೆಗೆ ಒಂದು ದಿನ ತಡೆದುಕೊಳ್ಳಿ ಎಂದಾಗ ನನಗೆ ಸಿಟ್ಟು ಬಂದಿತ್ತು. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಔಷಧ ಕೊಟ್ಟರೆ ಮುಂದೆ ಆರು ವಾರ ಕತ್ತಲಲ್ಲಿ ತಡಕಿದಂತಾಗುತ್ತದೆ ಎಂದು ಅವರು ವಿವರಿಸಿದ್ದು ಎಷ್ಟು ಸರಿಯೆಂದು ಆಮೇಲೆ ಅರ್ಥವಾಯಿತು.

ಆರು ವಾರಗಳಲ್ಲಿ ಹಿಂತಿರುಗಬೇಕಾಗಿದ್ದ ಕಚೇರಿಗೆ ನಾನು ಐದು ತಿಂಗಳ ನಂತರ ಹೋದೆ. ಸೋಂಕು ಡಿಸ್ಕನ್ನು ತಿಂದುಹಾಕಿದ್ದರಿಂದ ಆ ಎರಡು ಕಶೇರುಗಳು ಒಂದಕ್ಕೊಂದು ತಾವಾಗಿಯೇ ಬೆಸೆದುಕೊಂಡವು. ಇದು ಈ ಕಾಯಿಲೆಯಲ್ಲಿ ಆಗುವಂಥದ್ದೇ ಎಂದು ವೈದ್ಯರು ಹೇಳಿದರು. ಕಾಲಿನ ನೋವು ಮರಳಿ ಬಂದಿಲ್ಲ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ ಸೊಂಟ ಬಿಗಿದಿರುತ್ತದೆ, ಬಗ್ಗಿ ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳಲು ಮಂಡಿ ಮಡಚಲೇಬೇಕು. ಇಷ್ಟನ್ನು ಬಿಟ್ಟರೆ ದಿನಕ್ಕೆ ಐದು ಕಿಲೋಮೀಟರ್ ನಡೆಯುತ್ತೇನೆ. ನಿಮ್ಮ ತಂದೆಯವರೂ ನಡೆಯುತ್ತಾರೆ ಎಂಬ ಭರವಸೆ ನನಗಿದೆ.


ಮುಂಬೆಳಗು:

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ತೊಳೆದ ದಿನದಿಂದ ಎಣಿಸಬೇಕೆಂಬ ಮಾತನ್ನು ಅವರು ಎರಡು ಸಲ ಓದಿಸಿಕೊಂಡರು.

ಇನ್ನೆರಡು ವಿಷಯ ಕೇಳಬೇಕಾಗಿದೆ. ತೊಳೆಯುವ ಮೊದಲು ಅವರ ಸಿ.ಆರ್.ಪಿ. 148 ಇತ್ತು. ಒಂದು ವಾರಕ್ಕೆ 62, ನಂತರ 31 ಆಯಿತು. ನಿನ್ನೆಯ ವರದಿಯಲ್ಲಿ 36 ಎಂದಿದೆ. ಸೋಂಕು ಮತ್ತೆ ಏರುತ್ತಿದೆಯೇ ಎಂದು ನಮಗೆ ದಿಗಿಲಾಗಿದೆ. ಇನ್ನೊಂದು, ಗಾಯಕ್ಕೆ ಸ್ಪಂಜು ತುಂಬಿ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಳಗಿನ ದ್ರವವನ್ನು ಹೀರಿಕೊಳ್ಳುವ ಯಂತ್ರವನ್ನು ಜೋಡಿಸಿದ್ದಾರೆ. ರಾತ್ರಿಯೆಲ್ಲ ಅದು ಗೊರಗೊರ ಸದ್ದು ಮಾಡುತ್ತದೆ. ಅದರ ಕೊಳವೆ ಕಿತ್ತುಬಂದೀತೆಂಬ ಭಯದಿಂದ ಅವರು ಮಂಚ ಬಿಟ್ಟು ಏಳುತ್ತಲೇ ಇಲ್ಲ. ಗಾಯ ಮಾಯುವ ತನಕ ಅವರು ಮಲಗಿರುವುದೇ ಒಳ್ಳೆಯದಲ್ಲವೇ?


ಹೆಜ್ಜೆ (ಉತ್ತರ):

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಮೊದಲನೆಯದನ್ನು ತಿಳಿದವರಿಗೆ ಬಿಡುತ್ತೇನೆ.

ಮಲಗಿರುವುದು ಒಳ್ಳೆಯದಲ್ಲ. ಅವರ ಶಸ್ತ್ರಚಿಕಿತ್ಸಕರು ಏಳಬಾರದೆಂದು ನಿರ್ದಿಷ್ಟವಾಗಿ ಹೇಳಿದ್ದರೆ ಮಾತು ಬೇರೆ. ಅದನ್ನು ಇವತ್ತೇ ಕೇಳಿಕೊಳ್ಳಿ. ಹಾಗೆ ಹೇಳದಿದ್ದರೆ, ಹಾಸಿಗೆಯಲ್ಲೇ ಕಳೆಯುವ ಒಂದೊಂದು ದಿನವೂ ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಕರಗಿಸುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ, ಶ್ವಾಸಕೋಶದ ತಳದಲ್ಲಿ ಕಫ ನಿಲ್ಲುವಂತೆ ಮಾಡುತ್ತದೆ. ಅರವತ್ತು ದಾಟಿದವರಲ್ಲಿ ಹೀಗೆ ಕರಗಿದ ಸ್ನಾಯು ಮರಳಿ ಬರಲು ಕರಗಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಮಯ ಬೇಕಾಗುತ್ತದೆ. ಸೋಂಕು ವಾಸಿಯಾಗಿ ಗಾಯವೂ ಮಾಯ್ದು, ಕಾಲುಗಳೇ ಸೋತುಹೋಗಿ ನಡೆಯಲಾರದೆ ಕುಳಿತವರನ್ನು ನಾನು ನೋಡಿದ್ದೇನೆ. ಅಂಥವರನ್ನು ಕಂಡಾಗಲೆಲ್ಲ, ಮೂರು ವಾರ ಮೊದಲೇ ಇವರನ್ನು ಎಬ್ಬಿಸಬಾರದಿತ್ತೇ ಎಂದು ನನಗೆ ಸಂಕಟವಾಗುತ್ತದೆ.

ಆ ಹೀರುಯಂತ್ರ ಹೊತ್ತುಕೊಂಡು ಓಡಾಡಬಹುದಾದದ್ದೇ. ಏಳಿಸುವ ಮೊದಲು ಕೊಳವೆ ಮಂಚದ ಕಂಬಿಗೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು, ಯಂತ್ರವನ್ನು ಮತ್ತೊಬ್ಬರು ಹಿಡಿದುಕೊಂಡರೆ ಸಾಕು. ಅವರು ನೇರವಾಗಿ ಎದ್ದು ಕೂರಬಾರದು. ಮೊದಲು ಮಂಡಿಗಳನ್ನು ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವಂತೆ, ಮರದ ದಿಮ್ಮಿ ಉರುಳಿದ ಹಾಗೆ ಮಗ್ಗುಲಿಗೆ ಹೊರಳಬೇಕು. ಆಮೇಲೆ ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಲೇ ಕೆಳಗಿನ ಕೈಯ ಮೊಣಕೈಯನ್ನೂ ಮೇಲಿನ ಕೈಯ ಅಂಗೈಯನ್ನೂ ಹಾಸಿಗೆಗೆ ಒತ್ತಿ ಮೇಲೇಳಬೇಕು. ಒಂದು ನಿಮಿಷ ಮಂಚದ ಅಂಚಿನಲ್ಲಿ ಕುಳಿತು, ತಲೆ ತಿರುಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ವಾಕರ್ ಹಿಡಿದು ನಿಲ್ಲಲಿ. ಮೊದಲ ದಿನ ಬಾಗಿಲ ತನಕ ಹೋಗಿ ಬಂದರೆ ಸಾಕು. ಒಂದೇ ಸಲ ದೂರ ನಡೆಸುವುದಕ್ಕಿಂತ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ನಡೆಸುವುದು ಮೇಲು. ಬಗ್ಗುವುದು, ಸೊಂಟ ತಿರುಚುವುದು, ಭಾರ ಎತ್ತುವುದು ಈ ಮೂರನ್ನೂ ಶಸ್ತ್ರಚಿಕಿತ್ಸಕರು ಅನುಮತಿ ಕೊಡುವ ತನಕ ಮಾಡಬಾರದು. ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳಿಗೂ ಈಗ ಆತುರ ಬೇಡ, ಗಾಯ ಪೂರ್ತಿ ಮುಚ್ಚಲಿ.

ಚೇತರಿಕೆಯನ್ನು ಅಳೆಯಲು ಆಸ್ವೆಸ್ಟ್ರಿ ಸೂಚ್ಯಂಕ ಎಂಬ ಪ್ರಶ್ನಾವಳಿಯನ್ನು ನಾವು ಬಳಸುತ್ತೇವೆ. ನೋವು, ನಡಿಗೆ, ಕೂರುವುದು, ನಿಲ್ಲುವುದು, ನಿದ್ದೆ ಮೊದಲಾದ ಹತ್ತು ವಿಷಯಗಳಿಗೆ ತಲಾ 0ಯಿಂದ 5ರ ತನಕ ಅಂಕ ಕೊಟ್ಟು ಶೇಕಡಾವಾರು ಲೆಕ್ಕ ಹಾಕುವುದು ಅದರ ಕ್ರಮ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ತಿಂಗಳಿಗೊಮ್ಮೆ ಅದನ್ನು ತುಂಬಿಸಿ ಇಟ್ಟುಕೊಳ್ಳಿ. ದಿನವೂ ಜೊತೆಗಿರುವವರ ಕಣ್ಣಿಗೆ ಬೀಳದ ಸುಧಾರಣೆ ಆ ಹಾಳೆಯ ಮೇಲೆ ಕಾಣುತ್ತದೆ.


ಸೂಕ್ಷ್ಮದರ್ಶಿ (ಉತ್ತರ):

ನಾನು ಸೋಂಕುರೋಗಗಳ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಸಿ.ಆರ್.ಪಿ.ಯ ವಿಷಯದಲ್ಲಿ ಒಂದೊಂದು ಅಂಕಿಯನ್ನೂ ಬಿಡಿಯಾಗಿ ನೋಡಬಾರದು. ಯಾವುದೇ ಶಸ್ತ್ರಚಿಕಿತ್ಸೆಯ ನಂತರ, ಸೋಂಕು ಇಲ್ಲದಿದ್ದರೂ, ಅದು ಏರಿ ಎರಡನೆಯ ಅಥವಾ ಮೂರನೆಯ ದಿನ ತುದಿ ಮುಟ್ಟುತ್ತದೆ; ಆಮೇಲೆ ಇಳಿದು ಸಾಮಾನ್ಯವಾಗಿ ಎರಡು ವಾರಗಳ ಸುಮಾರಿಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಉರಿಯೂತವನ್ನೇ ತೋರಿಸುವ ಇನ್ನೊಂದು ರಕ್ತಪರೀಕ್ಷೆಯಾದ ಇ.ಎಸ್.ಆರ್. ಇದಕ್ಕಿಂತ ಬಹಳ ಸೋಮಾರಿ, ಇಳಿಯಲು ಆರು ವಾರಗಳನ್ನು ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಇಳಿಯುತ್ತಿದ್ದ ಸಿ.ಆರ್.ಪಿ. ಮತ್ತೆ ಮೇಲಕ್ಕೆ ತಿರುಗಿದರೆ ಮಾತ್ರ ನಾವು ಕಿವಿ ನಿಮಿರಿಸುತ್ತೇವೆ. 148ರಿಂದ 31ಕ್ಕೆ ಇಳಿದು 36 ಆಗಿರುವುದು ಸಣ್ಣ ಏರಿಳಿತವೇ ಇರಬಹುದು. ನೆಗಡಿ, ಮೂತ್ರದ ಸೋಂಕು, ಔಷಧ ಕೊಡುವ ರಕ್ತನಾಳದ ಕೊಳವೆಯ ಬಳಿ ಬಂದ ಉರಿಯೂತ ಇವೂ ಅಷ್ಟನ್ನು ಏರಿಸಬಲ್ಲವು. ಆದ್ದರಿಂದ ಕೊಳವೆಯ ಜಾಗ ಕೆಂಪಾಗಿದೆಯೇ ಎಂದು ನೋಡಲು ಹೇಳಿ. ಮೂರು ನಾಲ್ಕು ದಿನ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿಸಿದಾಗಲೂ ಏರುತ್ತಲೇ ಇದ್ದರೆ, ಅಥವಾ ಅದರ ಜೊತೆಗೆ ಬೆನ್ನುನೋವು ಹೆಚ್ಚಾದರೆ, ಒಳಗೆ ಇನ್ನೂ ಕೀವು ಉಳಿದಿದೆಯೇ ಎಂದು ಹುಡುಕಬೇಕಾಗುತ್ತದೆ. ಆಳದ ಸೋಂಕಿಗೆ ಎರಡು ಮೂರು ಬಾರಿ ತೊಳೆಯಬೇಕಾಗಿ ಬರುವುದು ಅಪರೂಪವೇನಲ್ಲ. ಹಾಗಾದರೆ ಮೊದಲ ಸಲ ಸರಿಯಾಗಿ ಮಾಡಲಿಲ್ಲವೆಂದು ಅರ್ಥಮಾಡಿಕೊಳ್ಳಬೇಡಿ.

ಔಷಧದ ಬಗ್ಗೆ ಒಂದು ಮಾತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಈ ಶಸ್ತ್ರಚಿಕಿತ್ಸೆಗಳಲ್ಲಿ ಅತಿ ಹೆಚ್ಚಾಗಿ ಸಿಗುವ ಬ್ಯಾಕ್ಟೀರಿಯಾ. ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಕಲ್ಚರ್ ವರದಿಯ ಕೆಳಭಾಗದಲ್ಲಿರುತ್ತದೆ. ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಜಗ್ಗದ ಬಗೆಯಾಗಿದ್ದರೆ ಚಿಕಿತ್ಸೆ ಬೇರೆಯೇ ಆಗುತ್ತದೆ. ಲೋಹ ಒಳಗಿರುವಾಗ ರಿಫಾಂಪಿಸಿನ್ ಎಂಬ ಮಾತ್ರೆಯನ್ನು ಜೊತೆಗೆ ಸೇರಿಸುವುದುಂಟು, ಏಕೆಂದರೆ ಲೋಹದ ಮೇಲಿನ ಆ ಅಂಟು ಪದರದೊಳಗೆ ಇಳಿಯುವ ಶಕ್ತಿ ಅದಕ್ಕಿದೆ. ಅದನ್ನು ಒಂಟಿಯಾಗಿ ಎಂದೂ ಕೊಡುವುದಿಲ್ಲ; ಕೊಟ್ಟರೆ ಬ್ಯಾಕ್ಟೀರಿಯಾ ಬಹುಬೇಗ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಆ ಮಾತ್ರೆ ಶುರುವಾದರೆ ಮೂತ್ರ, ಬೆವರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ, ಅದಕ್ಕೆ ಹೆದರಬೇಡಿ. ಆದರೆ ಅದು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಮತ್ತು ರಕ್ತ ತೆಳುವಾಗಿಸುವ ಔಷಧಗಳ ಪ್ರಭಾವವನ್ನು ತಗ್ಗಿಸುತ್ತದೆ. ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದೆ ಇಡಲೇಬೇಕು.

ಆರು ವಾರವೂ ಸೂಜಿಯ ಮೂಲಕವೇ ಆಗಬೇಕೆಂದೇನೂ ಇಲ್ಲ. ಮೂಳೆ ಮತ್ತು ಕೀಲುಗಳ ಸೋಂಕಿನಲ್ಲಿ, ಸರಿಯಾಗಿ ಆಯ್ದ ಮಾತ್ರೆಗಳು ಮೊದಲ ಆರು ವಾರಗಳಲ್ಲಿ ರಕ್ತನಾಳದ ಔಷಧಕ್ಕಿಂತ ಕಡಿಮೆಯೇನಲ್ಲವೆಂದು 2019ರಲ್ಲಿ ಪ್ರಕಟವಾದ ಒವಿವಾ ಎಂಬ ದೊಡ್ಡ ಅಧ್ಯಯನ ತೋರಿಸಿದೆ. ನಿಮ್ಮ ತಂದೆಯವರಿಗೆ ಅದು ಹೊಂದುತ್ತದೆಯೇ ಎಂಬುದು ಬ್ಯಾಕ್ಟೀರಿಯಾ ಯಾವುದು, ಮೂತ್ರಪಿಂಡ ಹೇಗಿದೆ, ಹೊಟ್ಟೆ ಔಷಧವನ್ನು ತಡೆದುಕೊಳ್ಳುತ್ತದೆಯೇ ಎಂಬುದರ ಮೇಲೆ ನಿಂತಿದೆ. ಕೇಳುವುದರಲ್ಲಿ ತಪ್ಪಿಲ್ಲ. ಲೋಹ ಒಳಗಿರುವುದರಿಂದ ಆರು ವಾರಗಳ ನಂತರವೂ ಕೆಲವು ತಿಂಗಳು ಮಾತ್ರೆ ಮುಂದುವರಿಸಲು ಹೇಳಬಹುದು. ನೋವು ಹೋಯಿತೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ.

ಇವೆಲ್ಲಕ್ಕಿಂತ ನಿಮ್ಮ ಕೈಯಲ್ಲಿರುವುದು ಸಕ್ಕರೆ ಮತ್ತು ಊಟ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಹಿಡಿದು ಕೊಲ್ಲುವ ಕೆಲಸದಲ್ಲಿ ಸೋಲುತ್ತವೆ. ಸೋಂಕಿರುವಾಗ ಸಕ್ಕರೆಯೂ ತಾನಾಗಿಯೇ ಏರುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತ ಹೋಗುತ್ತದೆ. ಆಸ್ಪತ್ರೆಯಲ್ಲಿರುವಾಗ ಅದನ್ನು ಡೆಸಿಲೀಟರಿಗೆ 180 ಮಿಲಿಗ್ರಾಂ ಒಳಗೆ ಇಡಲು ಸಾಮಾನ್ಯವಾಗಿ ಪ್ರಯತ್ನಿಸುತ್ತಾರೆ. ಕೆಲವು ವಾರಗಳ ಮಟ್ಟಿಗೆ ಇನ್ಸುಲಿನ್ ಬೇಕೆಂದರೆ ಒಪ್ಪಿಕೊಳ್ಳಿ. ಸೋರುವ ಗಾಯದಿಂದ ಪ್ರೋಟೀನೂ ಹೊರಗೆ ಹೋಗುತ್ತಿರುತ್ತದೆ. ಮೂತ್ರಪಿಂಡ ಸರಿಯಿದ್ದವರಿಗೆ ಈ ಅವಧಿಯಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. 70 ಕಿಲೋ ತೂಕದವರಿಗೆ ಅದು ಸುಮಾರು 85ರಿಂದ 105 ಗ್ರಾಂ. ಹಸಿವಿಲ್ಲವೆಂದು ತಟ್ಟೆ ಸರಿಸುವ ರೋಗಿಗೆ ಇಷ್ಟನ್ನು ತಿನ್ನಿಸುವುದು ಸುಲಭವಲ್ಲ. ಒಮ್ಮೆಗೇ ಬಲವಂತ ಮಾಡದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ.


ತಿಳಿನೀರು:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ನನಗೂ ಮುಂದಿನ ತಿಂಗಳು ಇದೇ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ದಿನಕ್ಕೆ ಎಂಟು ಹತ್ತು ಸಿಗರೇಟು ಸೇದುತ್ತೇನೆ. ಇದನ್ನೆಲ್ಲ ಓದಿದ ಮೇಲೆ, ಮೊದಲೇ ನಾನು ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಬೆನ್ನೆಲುಬು ಅವರನ್ನು ಕೇಳಬೇಕೆನ್ನಿಸಿತು.


ಬೆನ್ನೆಲುಬು (ಉತ್ತರ):

ಇದೆ, ಸಮಯವೂ ಇದೆ. ಸಿಗರೇಟನ್ನು ಇವತ್ತೇ ನಿಲ್ಲಿಸಿ. ನಾಲ್ಕು ವಾರ ಬಿಟ್ಟರೂ ಗಾಯ ಮಾಯುವುದರಲ್ಲಿ ವ್ಯತ್ಯಾಸ ಕಾಣುತ್ತದೆ. ಮೂಳೆ ಬೆಸೆಯುವ ತನಕ ಮತ್ತೆ ಮುಟ್ಟಬಾರದು. ಸಕ್ಕರೆ ಕಾಯಿಲೆಯಿದ್ದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್.ಬಿ.ಎ.1ಸಿ. ಪರೀಕ್ಷೆ ಮಾಡಿಸಿ. ಅದು ಶೇಕಡಾ 8ಕ್ಕಿಂತ ಮೇಲಿದ್ದರೆ, ನರಕ್ಕೆ ತುರ್ತು ಅಪಾಯವಿಲ್ಲದ ಪಕ್ಷದಲ್ಲಿ, ನಾನಂತೂ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುತ್ತೇನೆ. ಚರ್ಮದಲ್ಲಿ ಎಲ್ಲಿಯಾದರೂ ಕುರು, ಹಲ್ಲಿನಲ್ಲಿ ಕೀವು, ಮೂತ್ರದಲ್ಲಿ ಉರಿ ಇದ್ದರೆ ಮುಚ್ಚಿಡದೆ ಹೇಳಿ. ಬೆನ್ನಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಿಕೊಂಡು ಬರಬೇಡಿ. ಆ ಸೂಕ್ಷ್ಮ ಗೀರುಗಳಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ತೆಗೆಯಲೇಬೇಕಾದರೆ ಕ್ಲಿಪ್ಪರ್‌ನಿಂದ ಮಾತ್ರ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ಚರ್ಮ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಸೆಫಾಜೊಲಿನ್‌ನಂತಹ ಆಂಟಿಬಯೋಟಿಕ್ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ದಾಟಿದರೆ ಅದನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಯಾರಾದರೂ ಹಿಂದೆ ಹೇಳಿದ್ದರೆ, ಆಗ ಏನಾಗಿತ್ತು ಎಂಬುದನ್ನು ಅರಿವಳಿಕೆ ವೈದ್ಯರಿಗೆ ವಿವರವಾಗಿ ತಿಳಿಸಿ.

ಮನೆಗೆ ಮರಳಿದ ಮೇಲೆ ಗಾಯವನ್ನು ನೀವೇ ನೋಡಿಕೊಳ್ಳಲಾಗದು, ಅದು ಬೆನ್ನಿನ ಮೇಲಿರುತ್ತದೆ. ಮನೆಯವರೊಬ್ಬರು ದಿನವೂ ಒಂದೇ ಬೆಳಕಿನಲ್ಲಿ ಮೊಬೈಲಿನಿಂದ ಅದರ ಫೋಟೋ ತೆಗೆದಿಡಲಿ. ಮೊದಲ ಎರಡು ಮೂರು ದಿನ ಸ್ವಲ್ಪ ರಕ್ತಮಿಶ್ರಿತ ನೀರು ಬರುವುದು ಸಹಜ. ಒಣಗಿದ ಗಾಯ ಮತ್ತೆ ಜಿನುಗತೊಡಗಿದರೆ, ಐದನೆಯ ದಿನದ ನಂತರವೂ ಒದ್ದೆಯಾಗುತ್ತಿದ್ದರೆ, ಸುತ್ತಲಿನ ಕೆಂಪು ಹರಡುತ್ತಿದ್ದರೆ, ಇಳಿದಿದ್ದ ಬೆನ್ನುನೋವು ಮತ್ತೆ ಏರಿದರೆ, ಜ್ವರವಿಲ್ಲದಿದ್ದರೂ ಅದೇ ದಿನ ಕರೆ ಮಾಡಿ. ನೀರಿನಷ್ಟು ತಿಳಿಯಾದ ದ್ರವ ಸೋರುತ್ತಿದ್ದು, ಎದ್ದು ಕೂತರೆ ತಲೆನೋವು ಬಂದು ಮಲಗಿದರೆ ಹೋಗುತ್ತಿದ್ದರೆ, ಅದು ಬೆನ್ನುಹುರಿಯ ಸುತ್ತಲಿನ ದ್ರವ ಇರಬಹುದು. ಅದನ್ನೂ ತಡಮಾಡದೆ ತಿಳಿಸಬೇಕು. ಮನೆಯಲ್ಲಿರುವ ಹಳೆಯ ಆಂಟಿಬಯೋಟಿಕ್ ಮಾತ್ರೆಯನ್ನು ಮಾತ್ರ ಆ ಹೊತ್ತಿನಲ್ಲಿ ನುಂಗಬೇಡಿ. ಅದು ಸೋಂಕನ್ನು ಕೊಲ್ಲುವುದಿಲ್ಲ, ನಾವು ಮಾದರಿ ತೆಗೆದಾಗ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತದೆ ಅಷ್ಟೆ.


ಮುಂಬೆಳಗು:

ಎಲ್ಲರ ಉತ್ತರಗಳನ್ನೂ ಬರೆದುಕೊಂಡು ವೈದ್ಯರ ಬಳಿಗೆ ಒಯ್ದಿದ್ದೆ. ನಡೆಯಲು ಅಡ್ಡಿಯಿಲ್ಲ, ಇಷ್ಟು ದಿನ ಏಕೆ ಮಲಗಿದ್ದರು ಎಂದು ಅವರೇ ಕೇಳಿದರು. ರಕ್ತನಾಳದ ಕೊಳವೆಯ ಸುತ್ತ ಕೆಂಪಾಗಿತ್ತು, ಅದನ್ನು ತೆಗೆದು ಬೇರೆ ಕೈಗೆ ಹಾಕಿದ್ದಾರೆ. ಸಿ.ಆರ್.ಪಿ.ಯನ್ನು ಶುಕ್ರವಾರ ಮತ್ತೆ ಮಾಡಿಸಬೇಕು. ಇವತ್ತು ಸಂಜೆ ತಂದೆಯವರು ದಿಮ್ಮಿಯಂತೆ ಹೊರಳಿ ಎದ್ದು ಕುಳಿತರು. ನಾನು ಯಂತ್ರ ಹಿಡಿದುಕೊಂಡು ಹಿಂದೆ ನಡೆದೆ. ಬಾಗಿಲ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಎಡಗಾಲು ಜೋಮು ಹಿಡಿಯುತ್ತಿಲ್ಲವೆಂದು ಅವರಾಗಿಯೇ ಹೇಳಿದರು. ಶುಕ್ರವಾರದ ವರದಿಯನ್ನು ಇಲ್ಲಿಯೇ ಬರೆಯುತ್ತೇನೆ.